ಅಪರೂಪದ ರಕ್ತಕ್ಕೆ ಅರಮನೆಯ ನಂಟು ಹುಡುಕಬೇಡಿ

ಪ್ರಶ್ನೆ: ನನ್ನ ಗುರುತಿನ ಚೀಟಿಯಲ್ಲಿ ‘ಓ’ ಪಾಸಿಟಿವ್ ಎಂದಿತ್ತು. ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷಿಸಿದಾಗ ‘ಬಾಂಬೆ ಗುಂಪು’ ಎಂದಿದ್ದಾರೆ. ನಮ್ಮದು ಪಾಳೆಯಗಾರರ ವಂಶ, ಅದಕ್ಕೇ ಇಂಥ ರಕ್ತ ಎನ್ನುತ್ತಾರೆ ದೊಡ್ಡಪ್ಪ. ನಿಜವೇ? ತುರ್ತಿಗೆ ‘ಓ’ ರಕ್ತ ಪಡೆಯಬಹುದೇ?

ಉತ್ತರ: ಎರಡನೆಯದನ್ನು ಮೊದಲು ಕೇಳಬೇಕಿತ್ತು. ಪಡೆಯಕೂಡದು, ಒಂದು ಬಾಟಲಿಯೂ ಕೂಡದು. ‘ಓ’ ರಕ್ತಕಣಗಳ ಮೇಲೆ ‘ಎಚ್’ ಎಂಬ ಅಂಶ ದಟ್ಟವಾಗಿರುತ್ತದೆ. ನಿಮ್ಮಲ್ಲಿ ಅದು ಇಲ್ಲವೇ ಇಲ್ಲ, ಬದಲಿಗೆ ಅದನ್ನು ಸದೆಬಡಿಯುವ ಪ್ರತಿಕಾಯವಿದೆ. ಕೊಟ್ಟ ರಕ್ತ ರಕ್ತನಾಳದೊಳಗೇ ಒಡೆಯುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಜೀವಕ್ಕೇ ಸಂಚಕಾರ.

ಚೀಟಿಯಲ್ಲಿ ತಪ್ಪು ಬಂದದ್ದು ಹೇಗೆ? ಗಾಜಿನ ಪಟ್ಟಿಯ ಮೇಲೆ ಎರಡು ಹನಿ ಕಲಸಿ ನೋಡುವ ಶಿಬಿರದ ಪರೀಕ್ಷೆಯಲ್ಲಿ ನಿಮ್ಮ ರಕ್ತ ‘ಓ’ದಂತೆಯೇ ಕಾಣುತ್ತದೆ. ನಿಮ್ಮ ಪ್ಲಾಸ್ಮಾವನ್ನು ಕೊಳವೆಯಲ್ಲಿ ‘ಓ’ ಕಣಗಳ ಜೊತೆ ತಿರುಗಿಸಿದಾಗ ಮಾತ್ರ ಕಣಗಳು ಒಂದೇ ಕೆಂಪು ಮುದ್ದೆಯಾಗಿ ತಳದಲ್ಲಿ ಕೂರುತ್ತವೆ, ಅಲ್ಲಾಡಿಸಿದರೂ ಬಿಡುವುದಿಲ್ಲ. ಈ ಹಂತವನ್ನು ಹಾರಿಸುವ ಪ್ರಯೋಗಾಲಯಗಳ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ಇನ್ನು ವಂಶ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಈ ಗುಂಪನ್ನು ಬೆಳಕಿಗೆ ತಂದಾಗ ಸಿಕ್ಕವರಲ್ಲಿ ಒಬ್ಬರು ರೈಲಿನಿಂದ ಗಾಯಗೊಂಡವರು, ಇನ್ನೊಬ್ಬರು ಚಾಕು ಇರಿತಕ್ಕೆ ಒಳಗಾದವರು. ಕಿರೀಟ ಯಾರ ತಲೆಯ ಮೇಲೂ ಇರಲಿಲ್ಲ. ಕೆಲಸ ಮಾಡದ ‘ಎಚ್’ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಈ ರಕ್ತ. ಹೆಣ್ಣನ್ನು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ಮನೆಗಳಲ್ಲಿ ಆ ಸಾಧ್ಯತೆ ಹೆಚ್ಚು. ದೊಡ್ಡಪ್ಪನವರು ವಂಶವೃಕ್ಷ ಬರೆಯುವುದಾದರೆ ಸೋದರಿಕೆಯ ಮದುವೆಗಳನ್ನೂ ಗುರುತು ಹಾಕಲಿ, ನನಗೆ ಅದು ಬೇಕು.

ಒಡಹುಟ್ಟಿದವರನ್ನೆಲ್ಲ ಪರೀಕ್ಷೆಗೆ ಕಳಿಸಿ. ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆಯಿದೆ. ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ನಿಮ್ಮ ರಕ್ತವನ್ನೇ ಮೊದಲೇ ತೆಗೆದಿಡಬಹುದು, ರಕ್ತನಿಧಿಯ ಶೀತಕದಲ್ಲಿ ಅದು ಐದಾರು ವಾರ ಉಳಿಯುತ್ತದೆ. ಅಪರೂಪದ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಿ. ರಕ್ತ ಕೈಗೆ ಬರುವವರೆಗೆ, ತುರ್ತಿಲ್ಲದಿದ್ದರೆ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಬೇಡಿ. ಪಂಚಾಂಗ ನೋಡಿ ಈಗಾಗಲೇ ಮಾಡಿದ್ದರೆ ಮುಂದೂಡಿ.

ಪ್ರಶ್ನೆ: ಆರ್‌ಎಚ್ ನೆಗೆಟಿವ್ ರಾಜರಕ್ತವೇ?

ಉತ್ತರ: ಯುರೋಪಿನಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದೆ. ಅಷ್ಟು ಸಿಂಹಾಸನಗಳಿಲ್ಲ. ಗರ್ಭಿಣಿಯಾದರೆ, ಮಗುವಿನ ರಕ್ತದ ವಿರುದ್ಧ ತಾಯಿಯಲ್ಲಿ ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಮನೆತನದ್ದು ಯಾವ ವಿಶೇಷ ಗುಂಪು?

ಉತ್ತರ: ಅದು ಗುಂಪಲ್ಲ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಕಾಯಿಲೆ.

ಪ್ರಶ್ನೆ: ‘ಚಿನ್ನದ ರಕ್ತ’ ಇರುವವರು ಅದೃಷ್ಟವಂತರೇ?

ಉತ್ತರ: ಆರ್‌ಎಚ್‌ನ ಯಾವ ಅಂಶವೂ ಇಲ್ಲದ ಆ ಕಣಗಳು ಬೇಗ ಒಡೆಯುವುದರಿಂದ ಅವರಿಗೆ ರಕ್ತಹೀನತೆ ಕಾಡುತ್ತದೆ. 1961ರಲ್ಲಿ ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯೊಬ್ಬರಲ್ಲಿ.

ಪ್ರಶ್ನೆ: ರಕ್ತದ ಗುಂಪು ಬದಲಿಸುವ ಕಷಾಯವಿದೆಯಂತೆ?

ಉತ್ತರ: ಮಾರುವವರ ವಿಳಾಸವನ್ನು ಔಷಧ ನಿಯಂತ್ರಣ ಇಲಾಖೆಗೆ ಕೊಡಿ, ನನಗಲ್ಲ.