ಓದುಗರ ಪ್ರಶ್ನೆ: ನಾರು ಸೇರಿಸಿದರೂ ಹಲಗೆ ಯಾಕೆ ಗಟ್ಟಿಯಾಗಲಿಲ್ಲ?

ಪ್ರಶ್ನೆ: ಪ್ರಾಜೆಕ್ಟ್‌ಗೆಂದು ಅಂಗಡಿಯ ಗೋಣಿಬಟ್ಟೆಗೆ ಎಪಾಕ್ಸಿ (ಕಲಸಿದ ಮೇಲೆ ಗಟ್ಟಿಯಾಗುವ ರಾಳ) ಹಚ್ಚಿ 300 × 300 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಹಲಗೆ ಮಾಡಿದೆವು. ಎಳೆತದ ಪರೀಕ್ಷೆಯಲ್ಲಿ ಬರೀ ಎಪಾಕ್ಸಿ 62 ಮೆಗಾಪಾಸ್ಕಲ್‌ವರೆಗೆ (ಇಷ್ಟು ಜಾಗಕ್ಕೆ ಇಷ್ಟು ಬಲ ಎಂಬ ಅಳತೆ) ತಡೆಯಿತು, ಗೋಣಿ ಹಾಕಿದ್ದು 41ಕ್ಕೇ ತುಂಡಾಯಿತು. ತಪ್ಪಿದ್ದೆಲ್ಲಿ?
– ಇಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಸೆಣಬನ್ನು ದೂರಬೇಡಿ. ಅದರ ಒಂಟಿ ನಾರು ಸುಮಾರು 400ರಿಂದ 800 ಮೆಗಾಪಾಸ್ಕಲ್ ತಡೆಯುತ್ತದೆ. ಆ ಬಲ ಹಲಗೆಗೆ ಬರಬೇಕಾದರೆ ರಾಳ ನಾರನ್ನು ಬಿಗಿಯಾಗಿ ಹಿಡಿದಿರಬೇಕು. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎಳೆಗಳು ಉದ್ದಕ್ಕೆ ಚಾಚಿಕೊಂಡು, ಮೈಗೆ ರಾಳದ ಚೂರೂ ಅಂಟದೆ ನುಣ್ಣಗಿದ್ದರೆ ಅವು ತುಂಡಾಗಿಲ್ಲ, ಜಾರಿ ಬಂದಿವೆ.

ಜಾರಲು ಹೆಚ್ಚಾಗಿ ಕಾರಣ ಎಣ್ಣೆ. ನೂಲುವ ಮೊದಲು ನಾರು ಮೆತ್ತಗಾಗಲೆಂದು ಗಿರಣಿಯಲ್ಲಿ ಎಣ್ಣೆ ಬೆರೆಸಿದ ನೀರು ಚಿಮುಕಿಸುತ್ತಾರೆ. ಗೋಣಿಬಟ್ಟೆಯಲ್ಲಿ ಅದು ಉಳಿದೇ ಇರುತ್ತದೆ. ಬೆಚ್ಚನೆಯ ಸೋಪಿನ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ಒಂದು ಲೀಟರ್ ದ್ರಾವಣಕ್ಕೆ 50 ಗ್ರಾಂ ಕಾಸ್ಟಿಕ್ ಸೋಡದ ಲೆಕ್ಕದಲ್ಲಿ 2ರಿಂದ 4 ಗಂಟೆ ನೆನೆಸಿ. ನೀರಿಗೆ ಸೋಡ ಹಾಕಬೇಕು, ಸೋಡದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದೆಂದು ಭಾವಿಸಬೇಡಿ, ನಾರಿನ ಮೂಲ ವಸ್ತುವಾದ ಸೆಲ್ಯುಲೋಸೇ ಸವೆದು ನಾರು ಸೊರಗುತ್ತದೆ. ತೆಳು ಅಸಿಟಿಕ್ ಆಮ್ಲದಲ್ಲಿ ಅದ್ದಿ, ಲಿಟ್ಮಸ್ ಬಣ್ಣ ಬದಲಾಗದಷ್ಟು ಸಲ ಜಾಲಿಸಿ, 80 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ 24 ಗಂಟೆ ಒಣಗಿಸಿ. ತೆಗೆದ ಕೂಡಲೇ ರಾಳ ಹಚ್ಚಿ. ತಡವಾದರೆ, ಅದೂ ಮಳೆಗಾಲದಲ್ಲಿ, ಸೆಣಬು ತನ್ನ ತೂಕದ ನೂರಕ್ಕೆ 12ರಷ್ಟು ತೇವವನ್ನು ಗಾಳಿಯಿಂದ ಮತ್ತೆ ಹೀರಿಕೊಳ್ಳುತ್ತದೆ.

ಇನ್ನು ತೂಕ. ನಿಮ್ಮ ಹಲಗೆಯ ಗಾತ್ರ 270 ಘನ ಸೆಂ.ಮೀ. ಅದರಲ್ಲಿ ಶೇ 30 ಜಾಗ ನಾರಿಗೆ ಬೇಕೆಂದರೆ 81 ಘನ ಸೆಂ.ಮೀ.; ಸಾಂದ್ರತೆ 1.4 ಎಂದು ಹಿಡಿದರೆ 113 ಗ್ರಾಂ. ಉಳಿದ 189 ಘನ ಸೆಂ.ಮೀ.ಗೆ 1.2ರ ಲೆಕ್ಕದಲ್ಲಿ 227 ಗ್ರಾಂ ರಾಳ. ಪೋಲಾಗುವುದೂ ಸೇರಿ 260 ಗ್ರಾಂ ಕಲಸಬೇಕು. ಹತ್ತಕ್ಕೆ ಒಂದರ ಗಟ್ಟಿಕಾರಕವಾದರೆ 236 ಗ್ರಾಂ ಎಪಾಕ್ಸಿಗೆ 24 ಗ್ರಾಂ. ಎಲ್ಲವನ್ನೂ ಒಂದೇ ಲೋಟದಲ್ಲಿ ಕಲಸಿದರೆ ಬಿಸಿಯೇರಿ ಲೋಟದಲ್ಲೇ ಗಟ್ಟಿಯಾದೀತು. ಎರಡು ಸಲ ಮಾಡಿಕೊಳ್ಳಿ.

ಈ ಲೆಕ್ಕದಲ್ಲಿ ಹಲಗೆಯ ಸಾಂದ್ರತೆ 1.26 ಬರಬೇಕು. ತೂಗಿದಾಗ 1.17 ಬಂದರೆ ಒಳಗೆ ಶೇ 7ರಷ್ಟು ಬರೀ ಗಾಳಿ! ಪ್ರತಿ ಪದರಕ್ಕೂ ರೋಲರ್ ಎಳೆದು, ಗಟ್ಟಿಯಾಗುವವರೆಗೂ ಸಮವಾಗಿ ಭಾರ ಹೇರಿ ಇಡಿ.

ನೇಯ್ದ ಬಟ್ಟೆಯಲ್ಲಿ ಎಳೆತದ ದಿಕ್ಕಿಗೆ ಅರ್ಧದಷ್ಟು ಎಳೆಗಳೇ ದುಡಿಯುತ್ತವೆ ಎಂಬುದೂ ನೆನಪಿರಲಿ. ಮಾದರಿಗಳನ್ನು ಹಾಸಿನ ನೂಲಿಗೆ (ಬಟ್ಟೆಯ ಉದ್ದಕ್ಕೆ ಸಾಗುವ ಎಳೆಗೆ) ಸಮಾನಾಂತರವಾಗಿಯೇ ಕತ್ತರಿಸಿ. ಎಳೆತದ ಪರೀಕ್ಷೆಯ ಮಾನದಂಡವಾದ ಎಎಸ್‌ಟಿಎಂ ಡಿ 3039ರ ರೀತಿ 250 × 25 ಮಿ.ಮೀ.ನ ಐದು ಮಾದರಿ, ನಿಮಿಷಕ್ಕೆ 2 ಮಿ.ಮೀ. ವೇಗ. ಹಿಡಿಕೆಯ ಬಾಯಲ್ಲೇ ಮುರಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ತೆಂಗಿನ ನಾರು, ಪಾಲಿಯೆಸ್ಟರ್ ರಾಳದ ಶೀಟ್ ಮಾಡುತ್ತಿದ್ದೇವೆ. ನಾರು ಎಷ್ಟು ಹೆಚ್ಚಿಸಿದರೂ ಎಳೆತದ ಬಲ ಏರುತ್ತಿಲ್ಲ. ಮಳೆಗೆ ಅಂಚು ಊದುತ್ತದೆ.
– ನಾರಿನ ಘಟಕದವರು, ತಿಪಟೂರು

ಉತ್ತರ: ತೆಂಗಿನ ನಾರು ಮುರಿಯುವ ಮೊದಲು ಶೇ 15ಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸಾಮಾನ್ಯ ಪಾಲಿಯೆಸ್ಟರ್ ಶೇ 2ರ ಆಸುಪಾಸಿನಲ್ಲೇ ಬಿರಿಯುತ್ತದೆ. ನಾರು ಭಾರ ಹೊರುವ ಹೊತ್ತಿಗೆ ರಾಳ ಸೀಳಿರುತ್ತದೆ. ಎಳೆತ ಬೀಳುವ ಕಡೆ ಈ ಶೀಟ್ ಬಳಸದಿರುವುದೇ ಸರಿ. ಪೆಟ್ಟು ತಾಳಬೇಕಾದ ಕಡೆ, ಸದ್ದು ತಡೆಯುವ ಹಲಗೆಗೆ ಅದು ಚೆನ್ನ. ಎಳೆತವೂ ಬೇಕೆಂದರೆ ಎರಡೂ ಮೈಗೆ ಸೆಣಬಿನ ಒಂದೊಂದು ಪದರ ಕೊಡಿ.

ಊದುವುದು ಕತ್ತರಿಸಿದ ಅಂಚಿನಿಂದ. ಅಲ್ಲಿ ತೆರೆದ ನಾರಿನ ತುದಿಗಳು ನೀರು ಕುಡಿಯುತ್ತವೆ. ಕತ್ತರಿಸಿದ ದಿನವೇ ಅಂಚಿಗೆ ಎರಡು ಕೈ ರಾಳ ಬಳಿಯಿರಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ: ಕೋಬಾಲ್ಟ್ ವೇಗವರ್ಧಕ ಮತ್ತು ಎಂಇಕೆಪಿ (ರಾಳವನ್ನು ಗಟ್ಟಿಯಾಗಿಸಲು ಹಾಕುವ ಪೆರಾಕ್ಸೈಡ್) ಎರಡನ್ನೂ ನೇರವಾಗಿ ಎಂದೂ ಬೆರೆಸಬೇಡಿ, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರಾಳದಲ್ಲಿ ಪೂರ್ತಿ ಕಲಸಿ, ಎಂಇಕೆಪಿ ಆಮೇಲೆ. ಎರಡು ಡಬ್ಬಿಗಳನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.