ಸಿಗ್ನಲ್ ಕೆಂಪಿದ್ರೂ ಹಾರ್ನ್ ಯಾಕೆ ಹೊಡೀತಾರೆ?

ದಿನಾ ತಲೆ ಕೆಡಿಸೋ ವಿಷ್ಯ ಯಾವ್ದು ಅಂತ ಯಾರಾದ್ರೂ ಕೇಳಿದ್ರೆ, ನಂಗಂತೂ ಹಾರ್ನ್. ಬೆಂಗಳೂರಲ್ಲಿ ಸಿಗ್ನಲ್ ಹತ್ರ ನಿಂತಿರ್ತೀವಿ, ಇನ್ನೂ 18 ಸೆಕೆಂಡ್ ಕೆಂಪು ಅಂತ ಎದುರಿಗೇ ಕಾಣ್ತಿರತ್ತೆ, ಹಿಂದಿನವ್ನು ಆಗ್ಲೇ ಪೀಂ ಪೀಂ ಶುರು ಹಚ್ಕೊಂಡಿರ್ತಾನೆ, ನಾನೇನು ಹಾರ್ಕೊಂಡು ಹೋಗ್ಲಾ?

ಕಾನೂನು ಇಲ್ವಾ ಅಂದ್ರೆ ಇದೆ ಸ್ವಾಮಿ. ಶಬ್ದಮಾಲಿನ್ಯ ನಿಯಮ 2000ದಲ್ಲೇ ಬಂತು, ಆಸ್ಪತ್ರೆ, ಶಾಲೆ ಸುತ್ತ ನಿಶ್ಶಬ್ದ ವಲಯ ಅಂತ ಮಾಡಿರೋ ಕಡೆ ಹಾರ್ನ್ ಹೊಡಿಯಂಗಿಲ್ಲ, ಮನೆಗಳಿರೋ ಏರಿಯಾದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೂ ತುರ್ತು ಇದ್ರೆ ಮಾತ್ರ. ನಮ್ ಬೀದಿಲಿ ತುರ್ತು ಅಂದ್ರೆ ಏನ್ ಗೊತ್ತಾ, ರಾತ್ರಿ ಹನ್ನೊಂದಕ್ಕೆ ಕಾರಿಂದ ಇಳಿದು ಗೇಟ್ ತೆಗಿಯೋಕೆ ಸೋಮಾರಿತನ, ಅದಕ್ಕೆ ವಾಚ್‌ಮನ್ ಬರೋವರೆಗೂ ಹಾರ್ನ್.

ನನ್ ಪ್ರಕಾರ ಅರ್ಧ ಸಮಸ್ಯೆ ಕನ್ನಡೀದು. ಬೈಕ್‌ನೋರು ಸಂದಿಲಿ ನುಗ್ಗೋಕೆ ಅಡ್ಡ ಅಂತ ಕನ್ನಡಿ ಮಡಚಿಟ್ಟಿರ್ತಾರೆ ಇಲ್ಲ ಬಿಚ್ಚೇ ಬಿಟ್ಟಿರ್ತಾರೆ, ಹಿಂದೆ ಏನ್ ಬರ್ತಿದೆ ಅಂತ ಯಾರೂ ನೋಡಲ್ಲ, ಹಾಗಾಗಿ ಹಿಂದಿನವ್ನು ಕೂಗ್ಲೇಬೇಕು. ಲಾರಿ ಹಿಂದೆ ‘ಸೌಂಡ್ ಹಾರ್ನ್’ ಅಂತ ಬರ್ದು ನಾವೇ ಕರೀತೀವಲ್ಲ. ಮಹಾರಾಷ್ಟ್ರದಲ್ಲಿ 2015ರಲ್ಲಿ ‘ಹಾರ್ನ್ ಓಕೆ ಪ್ಲೀಸ್’ ಅಂತ ಬರಿಯೋದನ್ನೇ ಬ್ಯಾನ್ ಮಾಡಿದ್ರು.

ನಾನೂ ಸಾಚಾ ಅಲ್ಲ, ಹಸು ಅಡ್ಡ ಬಂದ್ರೆ ಹೊಡೀತೀನಿ. ಅದು ಕ್ಯಾರೇ ಅನ್ನಲ್ಲ.