ಪ್ರಾರ್ಥನೆ ಮಾಡಲ್ಲ ಅಂದವರೇ ಪ್ರಾರ್ಥನೆ ಬರೆದರು

ಪ್ರಶ್ನೆ: ಅಮೆರಿಕದ ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ನಾಸ್ತಿಕರು ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ಅವರು ಬರೆದ ಪ್ರಾರ್ಥನೆಗಳದ್ದೇ ಒಂದು ಪುಸ್ತಕ ಇದೆ ಅಂತ ಇತ್ತು. ಯಾವುದು ನಿಜ?
- ಓದುಗರೊಬ್ಬರು, ಮೈಸೂರು

ಉತ್ತರ: ಪುಸ್ತಕ ಇರುವುದು ನಿಜ. ನಾಸ್ತಿಕ ಅನ್ನೋ ಹಣೆಪಟ್ಟಿ ಮಾತ್ರ ಅವರಿಗೆ ಸರಿಯಾಗಿ ಕೂರುವುದಿಲ್ಲ.

ಡು ಬಾಯ್ಸ್ ಹುಟ್ಟಿದ್ದು 1868ರಲ್ಲಿ, ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಲ್ಲಿ. ಚರ್ಚಿನಲ್ಲೇ ಬೆಳೆದ ಹುಡುಗ. ಫಿಸ್ಕ್ ಕಾಲೇಜಿಗೆ ಕಳಿಸಲು ದುಡ್ಡು ಕೂಡಿಸಿಕೊಟ್ಟದ್ದೂ ಚರ್ಚುಗಳೇ. ಆಮೇಲೆ ಹಾರ್ವರ್ಡ್, ಬರ್ಲಿನ್‌ಗಳಲ್ಲಿ ಓದಿ 1894ರಲ್ಲಿ ಓಹಾಯೊದ ವಿಲ್ಬರ್‌ಫೋರ್ಸ್‌ನಲ್ಲಿ ಮೇಷ್ಟ್ರಾದರು. ಕಪ್ಪು ಜನರದೇ ಒಂದು ಚರ್ಚ್ ನಡೆಸುತ್ತಿದ್ದ ಕಾಲೇಜು ಅದು. ಒಂದು ದಿನ ವಿದ್ಯಾರ್ಥಿಗಳ ಪ್ರಾರ್ಥನಾ ಸಭೆಗೆ ಸುಮ್ನೆ ಹೋಗಿದ್ದಾಗ, ಸಭೆ ನಡೆಸುತ್ತಿದ್ದವರು ಇವರನ್ನು ಒಂದು ಮಾತೂ ಕೇಳದೆ 'ಈಗ ಪ್ರೊಫೆಸರ್ ಡು ಬಾಯ್ಸ್ ಪ್ರಾರ್ಥನೆ ನಡೆಸಿಕೊಡುತ್ತಾರೆ' ಅಂದುಬಿಟ್ಟರು. ಇವರು 'ಇಲ್ಲ, ನಡೆಸಿಕೊಡುವುದಿಲ್ಲ' ಅಂದರು. ಕೆಲಸವೇ ಹೋಗುವುದರಲ್ಲಿತ್ತು!

1899ರಲ್ಲಿ ಅಟ್ಲಾಂಟಾದಲ್ಲಿ ಅವರ ಮೊದಲ ಮಗ ಗಂಟಲಮಾರಿಯಿಂದ ತೀರಿಕೊಂಡ. ಎರಡು ವರ್ಷವೂ ತುಂಬಿರಲಿಲ್ಲ. ಹೂವು ಹೊದಿಸಿದ ಆ ಪುಟ್ಟ ಮಗುವಿನ ಜೊತೆ ಹೋಗುತ್ತಿದ್ದವರನ್ನು ನೋಡಿ ದಾರಿಯಲ್ಲಿದ್ದ ಬಿಳಿಯರು ಕಪ್ಪು ಜನರನ್ನು ಹೀಯಾಳಿಸುವ ಆ ಕೆಟ್ಟ ಮಾತನ್ನೇ ಆಡಿದರಂತೆ. 1903ರ 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಅದರಲ್ಲಿ ಈ ಅಪ್ಪ, ಮಗು ಸತ್ತಿಲ್ಲ, ಪಾರಾಯಿತು ಅಂತ ಬರೆಯುತ್ತಾರೆ. ಅವನಿನ್ನೂ ಇದ್ದರೆ, ಅಲ್ಲಿ ಇದ್ದರೆ, 'ಅಲ್ಲಿ' ಅನ್ನುವುದೊಂದು ಇದ್ದರೆ, ಸುಖವಾಗಿರಲಿ ಅಂತ ಬೇಡುತ್ತಾರೆ. ಬೇಡುವುದು ಯಾರನ್ನು? ವಿಧಿಯನ್ನು. ಒಂದೇ ವಾಕ್ಯದಲ್ಲಿ ಮೂರು ಸಲ 'ಇದ್ದರೆ'! ಅವರ ನಂಬಿಕೆ, ಅನುಮಾನ ಎರಡೂ ಅಲ್ಲೇ ಇವೆ ಅಂತ ನನಗನ್ನಿಸುತ್ತದೆ.

1906ರಲ್ಲಿ ಅಟ್ಲಾಂಟಾದಲ್ಲಿ ಬಿಳಿಯರ ಗುಂಪು ಕಪ್ಪು ಜನರನ್ನು ಹುಡುಕಿ ಕೊಂದಿತು. ಆಗ ಡು ಬಾಯ್ಸ್ ಅಲಬಾಮಾದಲ್ಲಿದ್ದರು, ಹೆಂಡತಿ ಮಗಳು ಅಟ್ಲಾಂಟಾದಲ್ಲೇ ಇದ್ದರು. ಓಡೋಡಿ ಊರಿಗೆ ಬರುವಾಗ ರೈಲಿನಲ್ಲೇ ಒಂದು ಕವಿತೆ ಬರೆದರು, ಪೂರ್ತಿ ಪ್ರಾರ್ಥನೆಯ ಧಾಟಿಯಲ್ಲಿ. 'ದೇವರೇ, ನೀನೂ ಬಿಳಿಯನೇನು?' ಅಂತ ಅದರಲ್ಲಿ ನೇರವಾಗಿ ಕೇಳಿಬಿಡುತ್ತಾರೆ. ದೇವರೇ ಇಲ್ಲ ಅಂತ ಖಚಿತವಾಗಿ ಗೊತ್ತಿದ್ದವರು ಹೀಗೆ ಜಗಳಕ್ಕೆ ನಿಲ್ಲುವುದಿಲ್ಲ, ಅಲ್ವಾ?

ಇನ್ನು ನೀವು ಕೇಳಿದ ಪ್ರಾರ್ಥನೆಗಳು. ಇವು 1909-10ರ ಸುಮಾರಿಗೆ ಅಟ್ಲಾಂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಬರೆದವು. ಪುಸ್ತಕವಾಗಿ ಬಂದದ್ದು 1980ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ. ಅವುಗಳಲ್ಲಿ ಮೋಕ್ಷಕ್ಕಿಂತ ಕೆಲಸದ ಮಾತೇ ಜಾಸ್ತಿ. ಒಂದರಲ್ಲಿ, ಮಾಡಲೇಬೇಕು ಅಂತ ನಮಗೇ ಗೊತ್ತಿರುವ ಕೆಲಸವನ್ನು ಮಾಡುವ ಧೈರ್ಯ ಕೊಡು ಅಂತ ಬೇಡಿ, ಹೆಂಗಸರ ಬಿಡುಗಡೆ, ಮಕ್ಕಳ ಓದು, ದ್ವೇಷ ಮತ್ತು ಬಡತನದ ವಿರುದ್ಧದ ಹೋರಾಟ ನಮ್ಮನ್ನು ಕರೆಯುತ್ತಿವೆ ಅಂತ ಹೇಳಿ, ಕೊನೆಗೆ ತನ್ನ ಜನರನ್ನು ಉಳಿಸಲು ಜೀವವನ್ನೇ ಪಣಕ್ಕಿಟ್ಟ ಬೈಬಲ್ಲಿನ ರಾಣಿ ಎಸ್ತೇರಳ ಮಾತು ತರುತ್ತಾರೆ: ರಾಜನ ಮುಂದೆ ಹೋಗುತ್ತೇನೆ, ಸತ್ತರೆ ಸಾಯುತ್ತೇನೆ. ಆ ಹುಡುಗ ಹುಡುಗಿಯರು ಬೈಬಲ್ ಕೇಳುತ್ತಲೇ ಬೆಳೆದವರು. ಅವರಿಗೆ ಆಪ್ತವಾದ ಭಾಷೆಯಲ್ಲಿ, ತಾನು ಮನಸಾರೆ ನಂಬಿದ್ದನ್ನು ಮಾತ್ರ ಡು ಬಾಯ್ಸ್ ಹೇಳಿದರು. ಯಾರೋ ಎಬ್ಬಿಸಿ ನಿಲ್ಲಿಸಿ ಹೇಳಿಸುವ ಪ್ರಾರ್ಥನೆಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

1948ರಲ್ಲಿ ಕ್ಯೂಬಾದ ಪಾದ್ರಿಯೊಬ್ಬರು, ನೀವು ದೇವರನ್ನು ನಂಬುತ್ತೀರಾ ಅಂತ ಪತ್ರದಲ್ಲಿ ನೇರವಾಗಿಯೇ ಕೇಳಿದರು. ಮನುಷ್ಯರ ಒಳಿತಿಗಾಗಿ ಈ ಜಗತ್ತನ್ನು ಆಳುವ ಒಬ್ಬ ವ್ಯಕ್ತಿ ಅನ್ನುವುದಾದರೆ ಇಲ್ಲ, ಅದಕ್ಕೆ ಚರಿತ್ರೆಯಲ್ಲೂ ನನ್ನ ಬದುಕಲ್ಲೂ ಪುರಾವೆ ಕಂಡಿಲ್ಲ, ಆದರೆ ಅದು ಸುಳ್ಳು ಅಂತ ಸಾಬೀತು ಮಾಡಲೂ ಆಗದು. ಎಲ್ಲ ಜೀವವನ್ನೂ ಬದಲಾವಣೆಯನ್ನೂ ನಡೆಸುವ, ನಮ್ಮ ಬುದ್ಧಿಗೆ ಸಿಗದ ಒಂದು ಶಕ್ತಿ ಅನ್ನುವುದಾದರೆ ಹೌದು, ಅದನ್ನು ದೇವರು ಅಂತ ಕರೆದರೆ ನನ್ನ ಆಕ್ಷೇಪ ಇಲ್ಲ. ಇದು ಅವರು ಕೊಟ್ಟ ಉತ್ತರದ ಸಾರ. ಚರ್ಚಿನ ವಿಷಯಕ್ಕೆ ಬಂದರೆ ಇಷ್ಟು ಮೆದುವಾಗಿ ಮಾತಾಡಿದವರಲ್ಲ. ಗುಲಾಮಗಿರಿ, ವರ್ಣಭೇದ, ದುಡಿಯುವವರ ಶೋಷಣೆ, ಯುದ್ಧ ಎಲ್ಲವನ್ನೂ ಸಮರ್ಥಿಸಿಕೊಂಡ ಸಂಸ್ಥೆ ಅಂತ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗಂತ ಕಪ್ಪು ಜನರ ಚರ್ಚನ್ನು ಅವರು ತಳ್ಳಿಹಾಕಲಿಲ್ಲ. ಅಲ್ಲಿನ ಹಾಡು, ಬೋಧಕ, ಮೈಮರೆತು ಕೂಗುವ ಭಕ್ತರ ಬಗ್ಗೆ ಅವರಷ್ಟು ಪ್ರೀತಿಯಿಂದ, ಅಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ.

ಪ್ರಶ್ನೆ: ಡು ಬಾಯ್ಸ್ ಮತ್ತು ಅಂಬೇಡ್ಕರ್ ನಡುವೆ ಪತ್ರ ವ್ಯವಹಾರ ಇತ್ತಾ? ಅವರೂ ಅಂಬೇಡ್ಕರರಂತೆ ಧರ್ಮ ಬದಲಿಸಿದರಾ?
- ಓದುಗರೊಬ್ಬರು, ಕಲಬುರಗಿ

ಉತ್ತರ: ಇತ್ತು. 1946ರಲ್ಲಿ ಅಮೆರಿಕದ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಮನವಿ ಹೋಗಿತ್ತು. ಅದರ ಪ್ರತಿ ಬೇಕು ಅಂತ ಅಂಬೇಡ್ಕರ್ ಡು ಬಾಯ್ಸ್‌ಗೆ ಬರೆದರು. ನಿಮ್ಮ ಹೆಸರು ಕೇಳಿದ್ದೇನೆ, ಭಾರತದ ಅಸ್ಪೃಶ್ಯರ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ ಅಂತ ಅವರು ಉತ್ತರಿಸಿದರು. ಅಂಬೇಡ್ಕರ್ 1956ರಲ್ಲಿ ಬೌದ್ಧರಾದರು. ಡು ಬಾಯ್ಸ್ ಬೇರೆ ಯಾವ ಧರ್ಮಕ್ಕೂ ಹೋಗಲಿಲ್ಲ. 1961ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿ, ಘಾನಾಕ್ಕೆ ಹೋಗಿ ನೆಲೆಸಿ, 1963ರಲ್ಲಿ ಅಕ್ರಾದಲ್ಲಿ 95ನೇ ವಯಸ್ಸಿಗೆ ತೀರಿಕೊಂಡರು.